ಗಣಕಯಂತ್ರದ ಮೂರ್ಛೆ

ಮನೆಯಲ್ಲಿ ಯಾರಿಗಾದರೂ ಜಡ್ಡಾದರೆ ನೋಡಬಂದವರೆಲ್ಲರೂ ವೈದ್ಯರಾಗುವರು. ಒಬ್ಬರು ಕಷಾಯವನ್ನೂ, ಇನ್ನೊಬ್ಬರು ಲಂಘನವನ್ನೂ, ಮತ್ತೊಬ್ಬರು ಹವಾ ಬದಲಾವಣೆಯನ್ನೂ ವಿಧಿಸುವರು. ರೋಗಿಯ ನಾಡಿಯನ್ನು ಹಿಡಿದು ನೋಡುವವರು ಮಾತ್ರ ವಿರಳ. ಈ ಕಾಲದಲ್ಲಿ ಮನೆಯವರಲ್ಲಿ ಒಂದಾಗಿ ಸೇರಿಕೊಂಡಿರುವ ಗಣಕಯಂತ್ರಕ್ಕೂ ಇದೇ ಗತಿ. ಕೆಲಸ ಮಾಡುತ್ತಿದ್ದಂತೆಯೇ ಅದು ಹಠಾತ್ತಾಗಿ ಮೂರ್ಛೆಹೋಗುವುದು. ಏಕೆ ಹೋಯಿತೆಂದು ವಿಚಾರಿಸುವುದಕ್ಕೆ ಮುಂಚೆಯೇ ಚಿಕಿತ್ಸೆಯು ಮೊದಲಾಗುವುದು. ನಿದಾನವಿಲ್ಲದ ಚಿಕಿತ್ಸೆಯಿಂದ ಹಣಕ್ಕೂ ಕೇಡು, ರೋಗಿಗೂ ಕೇಡು. ಇದನ್ನು ಕಳೆದ ಬೇಸಗೆಯಲ್ಲಿ ನಮ್ಮ ಮನೆಯಲ್ಲಿಯೇ ಕಂಡುದರಿಂದ, ವಾಚಕರೊಡನೆ ನಾಲ್ಕು ಮಾತನಾಡಬೇಕೆಂದು ಮನಸ್ಸಾಯಿತು.

ಆ ಯಂತ್ರದಲ್ಲಿ ನನ್ನ ಸ್ವತ್ತು ಹೆಚ್ಚೇನೂ ಇಲ್ಲ. ಪೆನ್ಷನ್ನಿನ ಕಾಗದಗಳು, ವಿದ್ಯುತ್ತಿನ ಬಿಲ್ಲುಗಳು, ಇಷ್ಟೆ. ಆದರೆ ನನ್ನ ಪತ್ನಿಯ ನಿಧಿಯೊಂದು ಅದರಲ್ಲಿದೆ. ಆಕೆಯ ತಾಯಿಯವರು ಆರತಿಗೆ, ಹಸೆಗೆ, ಬೀಸುವಾಗ, ಮಗುವನ್ನು ತೂಗುವಾಗ ಹಾಡುತ್ತಿದ್ದ ಹಾಡುಗಳನ್ನು ೨೦೧೬ರಲ್ಲಿ ಅವರ ಕಂಠದಿಂದಲೇ ಧ್ವನಿಮುದ್ರಣ ಮಾಡಿಟ್ಟುಕೊಂಡಿದ್ದಳು. ೨೦೨೧ರಲ್ಲಿ ಅವರು ಕಾಲವಾದರು. ಆ ಧ್ವನಿಯನ್ನು ಮತ್ತೆ ಮತ್ತೆ ಕೇಳಿ ಒಂದೊಂದೇ ನುಡಿಯನ್ನು ಬೆರಳಚ್ಚಿಸುವುದು ಆಕೆಯ ಮಧ್ಯಾಹ್ನದ ವ್ರತವಾಗಿದ್ದಿತು. ಯಂತ್ರವು ನಡುನಡುವೆ ಆರಿಹೋಗತೊಡಗಿದಮೇಲೆ ಒಂದು ಸಾಲು ಬರೆದು, ಕೂಡಲೇ ಅದನ್ನು ಭದ್ರಪಡಿಸಿ, ಮುಂದಿನ ಸಾಲಿಗೆ ಹೆದರುತ್ತ ಕೈಯಿಡುತ್ತಿದ್ದಳು. ಎಂಟು ದಿನಗಳ ತರುವಾಯ ಆ ಕುರ್ಚಿಯ ಬಳಿಗೇ ಹೋಗದಾದಳು. “ಅಮ್ಮನ ಧ್ವನಿಯೂ ಹೋಗಿಬಿಟ್ಟರೆ?” ಎಂದಷ್ಟೇ ಕೇಳಿದಳು.

ಆದಕಾರಣ ನಿದಾನಕ್ಕಿಂತಲೂ ಮೊದಲು ಮಾಡಿದುದು ರಕ್ಷಣೆ. ಹಾಡುಗಳೆಲ್ಲವನ್ನೂ ಬೇರೊಂದು ಡಿಸ್ಕಿಗೆ ಪ್ರತಿಮಾಡಿ, ಅದನ್ನು ಯಂತ್ರದಿಂದ ಕಳಚಿ ಬೀರುವಿನಲ್ಲಿಟ್ಟೆವು; ಮತ್ತೊಂದು ಪ್ರತಿಯನ್ನು ಬೆಂಗಳೂರಿನಲ್ಲಿರುವ ಮಗಳಿಗೆ ಕಳುಹಿಸಿದೆವು. ಡಿಸ್ಕು ಬರೆಯುತ್ತಿರುವಾಗಲೇ ವಿದ್ಯುತ್ತು ಕಡಿದರೆ ಆ ಕಡತವು ಕೆಡುವ ಸಂಭವವುಂಟು. ಮೂರ್ಛೆಹೋಗುವ ಯಂತ್ರವನ್ನು ಪರೀಕ್ಷಿಸಹೊರಟವನು ಮೊದಲು ಅದರ ಹೊಟ್ಟೆಯಲ್ಲಿರುವ ಬೆಲೆಯುಳ್ಳ ವಸ್ತುವನ್ನು ಹೊರಗಿರಿಸತಕ್ಕದ್ದು.

ಅಷ್ಟರಲ್ಲಿ ವೈದ್ಯರು ಕೂಡಿದರು. ನೆರೆಮನೆಯವರು ವೈರಸ್ಸೆಂದರು. ಸೋದರಳಿಯನು ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸಬೇಕೆಂದನು. ರಿಪೇರಿ ಅಂಗಡಿಯವನೊಬ್ಬನು, ಮದರ್‌ಬೋರ್ಡು ಹೋಗಿದೆ, ಹೊಸ ಯಂತ್ರವನ್ನೇ ಕೊಳ್ಳಿರೆಂದನು. “ಅದು ಯಾವಾಗ ಬೀಳುತ್ತದೆ? ಬೀಳುವಾಗ ಏನು ನಡೆಯುತ್ತಿರುತ್ತದೆ?” ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಸಂಸ್ಕೃತ ಪಾಠಶಾಲೆಯ ಹುಡುಗರಿಗೆ ಅನ್ನಂಭಟ್ಟನ ತರ್ಕಸಂಗ್ರಹವನ್ನು ಪಾಠಹೇಳುವಾಗ ಹೊಗೆ ಬೆಂಕಿಗಳ ದೃಷ್ಟಾಂತವು ಬರುವುದು. ಹೊಗೆಯಿರುವಲ್ಲಿ ಬೆಂಕಿಯಿರುವುದು, ಅಡಿಗೆಮನೆಯಲ್ಲಿರುವಂತೆ, ಇದು ಅನ್ವಯ. ಬೆಂಕಿಯಿಲ್ಲದಲ್ಲಿ ಹೊಗೆಯಿಲ್ಲ, ಕೆರೆಯಲ್ಲಿರುವಂತೆ, ಇದು ವ್ಯತಿರೇಕ. ಎರಡು ಸಂಗತಿಗಳು ಒಟ್ಟಿಗೆ ಬಂದುವೆಂದ ಮಾತ್ರಕ್ಕೆ ಅವುಗಳಿಗೆ ನಂಟು ಕಟ್ಟಲಾಗದು. ಕಾಗೆ ಕುಳಿತೊಡನೆ ತಾಳೆಯ ಹಣ್ಣು ಬಿದ್ದರೆ ಅದು ಕಾಕತಾಲೀಯ, ಬೀಳಿಸಿದುದು ಕಾಗೆಯಲ್ಲ. ಒಂದು ಇಲ್ಲವಾದಾಗ ಮತ್ತೊಂದೂ ಇಲ್ಲವಾಗುವುದೆ ಎಂಬುದನ್ನು ನೋಡಿಯೇ ನಿಶ್ಚಯಿಸಬೇಕು.

ಗಣಕಯಂತ್ರದ ಮೂರ್ಛೆಗಳಲ್ಲಿ ಎರಡು ಬಗೆ. ಮೊದಲನೆಯದು, ಹೇಳಿ ಬೀಳುವುದು. ವಿಂಡೋಸು ತನ್ನೊಳಗೆ ದೋಷವನ್ನು ಕಂಡು ನಿಂತಾಗ ಪರದೆಯ ಮೇಲೆ ಒಂದು ದೋಷಸಂಕೇತವನ್ನು ತೋರಿಸುವುದು. ಬಹುಕಾಲ ನೀಲಿಯಾಗಿದ್ದ ಆ ಪರದೆಯು ವಿಂಡೋಸ್ ೧೧ರಲ್ಲಿ ೨೦೨೫ರಿಂದ ಕಪ್ಪಾಗಿದೆ. ಇಂತಹ ಮೂರ್ಛೆಗೆ ಸಾಮಾನ್ಯವಾಗಿ ಡ್ರೈವರುಗಳೆಂಬ ತಂತ್ರಾಂಶಗಳಾಗಲಿ, ಮೆಮೊರಿಯಾಗಲಿ, ಡಿಸ್ಕಾಗಲಿ ಕಾರಣವಾಗಿರುವುದು. ೨೦೨೪ನೆಯ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯು ಕಳುಹಿಸಿದ ಒಂದು ದೋಷಯುಕ್ತ ಕಡತದಿಂದ ಲೋಕದಲ್ಲಿ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ಹೀಗೆ ಬಿದ್ದುವು. ಸೇಫ್ ಮೋಡಿನಲ್ಲಿ ಎಬ್ಬಿಸಿ ಆ ಒಂದು ಕಡತವನ್ನು ತೆಗೆದರೆ ಯಂತ್ರವು ಏಳುತ್ತಿದ್ದಿತು. ವ್ಯಾಧಿ ಎಷ್ಟು ದೊಡ್ಡದಾಗಿ ಕಂಡರೂ ಕಾರಣವು ಚಿಕ್ಕದಿರಬಹುದು.

ಎರಡನೆಯದು, ಹೇಳದೆ ಬೀಳುವುದು. ಸಂಕೇತವಿಲ್ಲ, ಮಾತಿಲ್ಲ, ದೀಪವನ್ನು ಊದಿ ಆರಿಸಿದಂತೆ ಕತ್ತಲೆ. ನಮ್ಮದು ಈ ಬಗೆಯದು. ವಿಂಡೋಸಿನೊಳಗೆ ಈವೆಂಟ್ ವ್ಯೂಅರ್ ಎಂಬ ದಿನಚರಿಯುಂಟು. ಸರಿಯಾಗಿ ಮುಚ್ಚದೆ ಯಂತ್ರವು ನಿಂತಿದ್ದರೆ, ಮರಳಿ ಎದ್ದಾಗ ಅದರಲ್ಲಿ ಕರ್ನಲ್-ಪವರ್ ೪೧ ಎಂಬ ದಾಖಲೆ ಬೀಳುವುದು. ಆ ದಾಖಲೆಯಲ್ಲಿ ಬಗ್‌ಚೆಕ್ ಕೋಡ್ ಸೊನ್ನೆಯಾಗಿದ್ದರೆ, ದೋಷವನ್ನು ಬರೆದಿಡುವುದಕ್ಕೂ ಯಂತ್ರಕ್ಕೆ ಅವಕಾಶವಾಗಲಿಲ್ಲವೆಂದು ಅರ್ಥ. ನಮ್ಮಲ್ಲಿ ಪ್ರತಿಸಲವೂ ಸೊನ್ನೆ. ಆಗ ಶಂಕೆಗೆ ಉಳಿದುವು ಮೂರು: ಅತಿಯಾದ ಉಷ್ಣ, ಯಂತ್ರದೊಳಗಿನ ವಿದ್ಯುತ್ ಪೆಟ್ಟಿಗೆ, ಹೊರಗಿನಿಂದ ಬರುವ ವಿದ್ಯುತ್ತು.

ಒಂದು ನೋಟು ಪುಸ್ತಕದಲ್ಲಿ ದಿನ, ಗಂಟೆ, ನಡೆಯುತ್ತಿದ್ದ ಕೆಲಸ ಎಂದು ಮೂರು ಕಲಮುಗಳನ್ನು ಎಳೆದೆನು. “ಆ ಹೊತ್ತಿಗೆ ಮನೆಯಲ್ಲಿ ಏನಾಗುತ್ತಿತ್ತೆಂಬುದನ್ನೂ ಬರೆಯಿರಿ” ಎಂದಳು ಪತ್ನಿ. ನಾಲ್ಕನೆಯ ಕಲಮು ಹೀಗೆ ಸೇರಿತು.

ಮೂರ್ಛೆಗಳು ಬಹುಪಾಲು ಮಧ್ಯಾಹ್ನದಲ್ಲಿ ಆಗುತ್ತಿದ್ದುದರಿಂದ ಉಷ್ಣವನ್ನು ಮೊದಲು ಪರೀಕ್ಷಿಸಿದೆನು. ಉಷ್ಣವು ಮಿತಿಮೀರಿದರೆ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ತಾನೇ ಆರಿಹೋಗುವುದುಂಟು. ಪಕ್ಕದ ತಗಡನ್ನು ತೆಗೆದು, ಧೂಳನ್ನು ಕುಂಚದಿಂದ ಒರಸಿ, ಎದುರಿಗೆ ಬೀಸಣಿಗೆಯನ್ನಿಟ್ಟೆನು. ಆದರೂ ಬಿದ್ದಿತು. ಬೇರೊಂದು ಉರಿಬಿಸಿಲಿನ ದಿನ ಬೀಸಣಿಗೆಯಿಲ್ಲದೆ ನಾಲ್ಕು ಗಂಟೆಯ ಕಾಲ ಕೆಲಸ ಕೊಟ್ಟರೂ ಬೀಳಲಿಲ್ಲ. ನೆಂಟರು ಬಂದಿದ್ದ ದಿನ ರಾತ್ರಿ ಎಂಟು ಗಂಟೆಯ ತಂಪಿನಲ್ಲಿ ಬಿದ್ದಿತು. ಉಷ್ಣವಿದ್ದೂ ಮೂರ್ಛೆಯಿಲ್ಲ, ಉಷ್ಣವಿಲ್ಲದೆಯೂ ಮೂರ್ಛೆಯುಂಟು. ಉಷ್ಣವು ಕೇವಲ ಕಾಗೆಯೆಂದು ತೀರ್ಮಾನವಾಯಿತು.

ಒಂಬತ್ತು ಮೂರ್ಛೆಗಳಾದಮೇಲೆ ಪತ್ನಿಯು ಪುಸ್ತಕವನ್ನು ತೆಗೆದು ನಾಲ್ಕನೆಯ ಕಲಮನ್ನಷ್ಟೇ ಮೇಲಿನಿಂದ ಕೆಳಕ್ಕೆ ಓದಿದಳು. “ಒಂಬತ್ತು ಸಲವೂ ಪಂಪು ಆಗತಾನೆ ಹೊರಟಿತ್ತಲ್ಲ!” ಎಂದಳು. ಮಾಳಿಗೆಯ ತೊಟ್ಟಿ ಬರಿದಾದೊಡನೆ ಪಂಪು ತಾನಾಗಿಯೇ ಹೊರಡುವಂತೆ ನಮ್ಮಲ್ಲಿ ಏರ್ಪಾಡಿದೆ. ಬಟ್ಟೆ ಒಗೆದು, ಪಾತ್ರೆ ಬೆಳಗಿ ಮುಗಿಯುವ ಮಧ್ಯಾಹ್ನಕ್ಕೆ ತೊಟ್ಟಿ ಬರಿದಾಗುವುದು. ನೆಂಟರು ಬಂದ ದಿನ ರಾತ್ರಿಯೂ ಬರಿದಾಗಿದ್ದಿತು.

ಅನ್ವಯವು ದೊರಕಿತು, ವ್ಯತಿರೇಕವಾಗಬೇಕು. ಎರಡು ದಿನ ಮಧ್ಯಾಹ್ನ ಪಂಪನ್ನು ನಿಲ್ಲಿಸಿದೆವು, ಯಂತ್ರವು ಬೀಳಲಿಲ್ಲ. ಬಳಿಕ ಯು. ಪಿ. ಎಸ್. ಪೆಟ್ಟಿಗೆಯನ್ನು ಬದಿಗಿರಿಸಿ, ಯಂತ್ರವನ್ನು ನೇರವಾಗಿ ಗೋಡೆಯ ವಿದ್ಯುತ್ತಿಗೆ ಜೋಡಿಸಿ ಪಂಪನ್ನು ಹೊರಡಿಸಿದೆವು. ದೀಪವು ಒಮ್ಮೆ ಕುಗ್ಗಿತೇ ಹೊರತು ಯಂತ್ರವು ಬೀಳಲಿಲ್ಲ. ಮರಳಿ ಪೆಟ್ಟಿಗೆಯನ್ನು ಸೇರಿಸಿ ಪಂಪನ್ನು ಹೊರಡಿಸಿದೊಡನೆಯೇ ಬಿದ್ದಿತು. ಕಡೆಯದಾಗಿ ಯಂತ್ರದ ಬದಲು ಒಂದು ಮೇಜಿನ ದೀಪವನ್ನು ಆ ಪೆಟ್ಟಿಗೆಗೆ ಸಿಕ್ಕಿಸಿ ಗೋಡೆಯ ಸ್ವಿಚ್ಚನ್ನು ಆರಿಸಿದೆನು. ಬ್ಯಾಟರಿಯ ಬಲದಿಂದ ಉರಿಯಬೇಕಾದ ದೀಪವು ತತ್‌ಕ್ಷಣವೇ ಆರಿತು.

ಕಾರ್ಯಕಾರಣಗಳ ಸರಪಣಿ ಇಷ್ಟೆ. ಮೋಟಾರು ಹೊರಡುವಾಗ ಬಹಳ ವಿದ್ಯುತ್ತನ್ನು ಸೆಳೆಯುವುದು. ಕ್ಷಣಕಾಲ ವೋಲ್ಟೇಜು ಕುಗ್ಗುವುದು. ಯಂತ್ರದೊಳಗಿನ ಪೆಟ್ಟಿಗೆಯು ಆ ಕುಗ್ಗನ್ನು ತಾಳಬಲ್ಲುದು. ಆದರೆ ನಡುವಿದ್ದ ಯು. ಪಿ. ಎಸ್., ವಿದ್ಯುತ್ತು ಹೋಯಿತೆಂದೆಣಿಸಿ ಭಾರವನ್ನೆಲ್ಲ ತನ್ನ ಬ್ಯಾಟರಿಗೆ ಹೊರಿಸುವುದು. ಆ ಬ್ಯಾಟರಿಯು ಸತ್ತಿದ್ದಿತು. ಸೀಸದ ಇಂತಹ ಬ್ಯಾಟರಿಗೆ ಸಾಮಾನ್ಯವಾಗಿ ೩ರಿಂದ ೫ ವರ್ಷಗಳ ಆಯುಸ್ಸು. ನಮ್ಮದಕ್ಕೆ ೬ ತುಂಬಿದ್ದುವು. ಹಸುರು ದೀಪವು ಮಾತ್ರ ಉರಿಯುತ್ತಲೇ ಇದ್ದಿತು. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು. ಹೊಸ ಬ್ಯಾಟರಿಯನ್ನು ಹಾಕಿಸಿ, ಹಳೆಯದನ್ನು, ಅದರ ಸೀಸವು ವಿಷವಾದುದರಿಂದ, ಮಾರಿದವನಿಗೇ ಹಿಂದಿರುಗಿಸಿದೆವು. ಅಂದಿನಿಂದ ಮೂರ್ಛೆಯಿಲ್ಲ. ಬರೆದಿಟ್ಟ ಹಾಡುಗಳು ನೂರನ್ನು ದಾಟಿವೆ.

ಎಲ್ಲ ಮನೆಗಳಲ್ಲಿಯೂ ಕಾರಣ ಇದೇ ಆಗಿರಬೇಕಾಗಿಲ್ಲ. ಧೂಳು ಕಟ್ಟಿದ ಬೀಸಣಿಗೆಯಿರಬಹುದು, ಮೊನ್ನೆ ಸೇರಿಸಿದ ಡ್ರೈವರಿರಬಹುದು, ಸಡಿಲವಾದ ಮೆಮೊರಿಯ ಪಟ್ಟಿಯಿರಬಹುದು. ಆದರೆ ಕ್ರಮವು ಒಂದೇ: ಬೆಲೆಯುಳ್ಳುದನ್ನು ಮೊದಲು ಪ್ರತಿಮಾಡಿಡಿ, ಹೇಳಿ ಬಿದ್ದಿತೆ, ಹೇಳದೆ ಬಿದ್ದಿತೆ ನೋಡಿ, ಹೇಳಿದ್ದರೆ ಸಂಕೇತವನ್ನು ಬರೆದುಕೊಳ್ಳಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಗುಣವಾದರೂ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಯಂತ್ರದೊಳಗಿನ ವಿದ್ಯುತ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ತಂತಿಯನ್ನು ಕಿತ್ತಮೇಲೂ ಅದರಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರುವುದು. ನಿದಾನಕ್ಕೆ ನಿಧಾನವೂ ಒಂದು ನೋಟು ಪುಸ್ತಕವೂ ಸಾಕು; ಅದರಲ್ಲಿ ಮನೆಯವರಿಗೂ ಒಂದು ಕಲಮಿರಲಿ.