ನಂದಿಯ ನಲವತ್ತು ತಿರುವುಗಳು

ಬೆಂಗಳೂರಿನವರಿಗೆ ನಂದಿಬೆಟ್ಟ ಹೊಸದಲ್ಲ. ಬಸ್ಸಿನಲ್ಲೋ ಕಾರಿನಲ್ಲೋ ಒಮ್ಮೆಯಾದರೂ ಅಲ್ಲಿಗೆ ಹೋಗಿ ಸೂರ್ಯೋದಯ ನೋಡಿ ಬಾರದ ಸಂಸಾರಗಳು ವಿರಳ. ಆದರೆ ಆ ಬೆಟ್ಟ ಎಷ್ಟು ಎತ್ತರವೆಂದು ಮೈಯಿಂದ ಅರಿತವನು ಸೈಕಲ್ ಸವಾರ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ನಂದಿಯ ನೆತ್ತಿ 1478 ಮೀಟರ್. ಈ ಅಂತರವನ್ನು ಅವನು ಕಾಲಿನಿಂದಲೇ ತೀರಿಸಬೇಕು.

ವಾರದ ನಡುವಣ ಒಂದು ದಿನ, ಇನ್ನೂ ಕತ್ತಲಿರುವಾಗಲೇ, ನಡುವಯಸ್ಸಿನ ಗುಮಾಸ್ತನೊಬ್ಬನು ಹೆಬ್ಬಾಳವನ್ನು ದಾಟಿ ಉತ್ತರಕ್ಕೆ ಹೊರಟನು. ಜೊತೆಗೆ ಯಾರೂ ಇರಲಿಲ್ಲ. ಚೀಲದಲ್ಲಿ ಒಂದು ಟ್ಯೂಬು, ಪುಟ್ಟ ಪಂಪು, ಎರಡು ಬಾಳೆಹಣ್ಣು, ತುಸು ಕಡಲೆಕಾಯಿ ಮಿಠಾಯಿ. ಹಿಂದಿನ ವರ್ಷ ಇದೇ ಬೆಟ್ಟದ ಅರ್ಧದಾರಿಯಿಂದ ಹಿಂತಿರುಗಿದ್ದ ನೆನಪು ಮಾತ್ರ ಆ ಚೀಲಕ್ಕಿಂತ ಭಾರವಾಗಿತ್ತು.

ಯಲಹಂಕ ಕಳೆಯಿತು. 2008ರಲ್ಲಿ ಆರಂಭವಾದ ವಿಮಾನ ನಿಲ್ದಾಣದ ದೀಪಗಳು ಹಿಂದೆ ಸರಿದವು. ಟಿಪ್ಪು ಹುಟ್ಟಿದ ಊರಾದ, ಚಕ್ಕೋತದ ಹಣ್ಣಿಗೆ ಹೆಸರಾದ ದೇವನಹಳ್ಳಿಯಲ್ಲಿ ಇಡ್ಲಿ, ಕಾಫಿ ಆಯಿತು. ಮುಂದೆ ದ್ರಾಕ್ಷಿಯ ತೋಟಗಳು. ಅವುಗಳ ಮೇಲೆ, ಮಂಜಿನ ನಡುವೆ, ಮಲಗಿದ ಬಸವನಂತೆ ಬೆಟ್ಟ.

ತಪ್ಪಲಿನ ನಂದಿಗ್ರಾಮದಲ್ಲಿ 9ನೆಯ ಶತಮಾನದಷ್ಟು ಹಳೆಯ ಭೋಗನಂದೀಶ್ವರನ ಗುಡಿಯಿದೆ. ನೆತ್ತಿಯ ಮೇಲೆ ಯೋಗನಂದೀಶ್ವರನಿದ್ದಾನೆ. ಕೆಳಗಿನವನು ಸಂಸಾರಿ, ಮೇಲಿನವನು ವಿರಾಗಿ ಎಂಬುದು ಜನರ ನಂಬಿಕೆ. ಸವಾರನು ಕೆಳಗಿನ ಸ್ವಾಮಿಗೆ ಕೈಮುಗಿದು, ಬೆಟ್ಟದ ಬುಡವನ್ನು ಬಳಸಿ ಏರಿನ ಮೊದಲಿಗೆ ಬಂದನು.

ಅಲ್ಲಿಂದ ಮೇಲಕ್ಕೆ ಸುಮಾರು 8 ಕಿಲೋಮೀಟರ್, ತಿರುವುಗಳು ನಲವತ್ತು. ಮೊದಲಲ್ಲೇ ಬಿರುಸು ತೋರಿದವನು ನಡುದಾರಿಯಲ್ಲಿ ಸೋಲುತ್ತಾನೆ. ಹೋದ ವರ್ಷ ಆದದ್ದೂ ಅದೇ. ಈ ಸಲ ಅವನು ಹಗುರವಾದ ಗೇರು ಹಾಕಿ, ಮಾತನಾಡಲು ಸಾಕಾಗುವಷ್ಟು ಉಸಿರು ಉಳಿಸಿಕೊಂಡು, ನಿಧಾನವಾಗಿ ತುಳಿದನು. ತಿರುವಿನ ಒಳಬದಿ ಕಡಿದು, ಹೊರಬದಿ ಸಲೀಸು. ಹತ್ತು ಕಳೆಯಿತು, ಇಪ್ಪತ್ತು ಕಳೆಯಿತು. ಹಿಂದೆ ಸೋತ ತಿರುವು ಯಾವಾಗ ಕಳೆಯಿತೆಂಬುದೇ ತಿಳಿಯಲಿಲ್ಲ.

ಮೂವತ್ತೈದನೆಯ ತಿರುವಿನ ಬಳಿ ರಸ್ತೆ ಎದ್ದು ನಿಂತಂತಾಯಿತು. ತೊಡೆ ನಡುಗಿತು, ಮುಂದಿನ ಚಕ್ರ ಓಲಾಡಿತು. ಸವಾರನು ಕೆಳಗಿಳಿದನು. ಸುತ್ತ ಯಾರೂ ಇರಲಿಲ್ಲ. ಮಂಜಿನಲ್ಲಿ ಎಲ್ಲೋ ಒಂದು ಹಕ್ಕಿಯ ದನಿ. ಒಂದು ಬಾಳೆಹಣ್ಣು ತಿಂದು, ನೂರು ಹೆಜ್ಜೆ ಸೈಕಲ್ಲನ್ನು ತಳ್ಳಿಕೊಂಡು ನಡೆದು, ಮತ್ತೆ ಏರಿದನು.

ಮೇಲೆ ಕೋಟೆಯ ಗೋಡೆ ಕಾಣಿಸಿತು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿದ ಕೋಟೆಯಿದು. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ತಂಗಿದ ಬೆಟ್ಟವಿದು. ಅವನು ಯೋಗನಂದೀಶ್ವರನ ಎದುರು ಬೆವರೊರೆಸಿಕೊಂಡು ಅರ್ಧಗಂಟೆ ಸುಮ್ಮನೆ ಕುಳಿತನು.

ಇಳಿಯುವುದು ಏರುವುದಕ್ಕಿಂತ ಸುಲಭವೆಂದು ತಿಳಿಯುವುದು ತಪ್ಪು. ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಬೇಕು. ತಿರುವಿನೊಳಗೆ ಒಮ್ಮೆಲೇ ಬ್ರೇಕು ಒತ್ತಿದರೆ ಮಂಜಿಗೆ ತೊಯ್ದ ರಸ್ತೆಯಲ್ಲಿ ಚಕ್ರ ಜಾರುತ್ತದೆ. ಎದುರಿನಿಂದ ಅಗಲವಾಗಿ ತಿರುಗಿಕೊಂಡು ಬಂದ ಕಾರೊಂದು ಅವನಿಗೆ ಮೊಳದಷ್ಟು ಅಂಚನ್ನು ಮಾತ್ರ ಬಿಟ್ಟಿತು. ಮೆಲ್ಲಗೆ ಇಳಿಯುತ್ತಿದ್ದುದರಿಂದ ಆ ಅಂಚು ಸಾಕಾಯಿತು.

ಮಧ್ಯಾಹ್ನ ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ಕೇಳಿದಳು: "ಅಪ್ಪಾ, ಈ ಸಲ ತುದಿಯವರೆಗೆ ಹೋದಿರಾ? ಎಲ್ಲೂ ಇಳಿಯಲಿಲ್ಲ ತಾನೆ?"

ಒಂಟಿ ಸವಾರಿಗೆ ಸಾಕ್ಷಿಗಳಿಲ್ಲ. ಇಲ್ಲವೆಂದಿದ್ದರೆ ಅಲ್ಲಗಳೆಯುವವರು ಯಾರೂ ಇರಲಿಲ್ಲ. ಸವಾರನು ಒಂದು ಗಳಿಗೆ ಸುಮ್ಮನಿದ್ದನು.

"ತುದಿಯವರೆಗೆ ಹೋದೆ ಮಗು. ಮೂವತ್ತೈದನೆಯ ತಿರುವಿನಲ್ಲಿ ಮಾತ್ರ ಇಳಿದೆ. ನೂರು ಹೆಜ್ಜೆ ತಳ್ಳಿದೆ."

"ಹಾಗಾದರೆ ಮುಂದಿನ ವರ್ಷಕ್ಕೆ ಉಳಿದದ್ದು ನೂರೇ ಹೆಜ್ಜೆ!" ಎಂದು ನಕ್ಕು ಅವಳು ನೀರು ತರಲು ಒಳಗೆ ಓಡಿದಳು.