ಅಜ್ಜಿಯ ಹನ್ನೆರಡೂವರೆ ಬಸ್ಸು

ಮಿನಿ ಪ್ರಾಜೆಕ್ಟ್‌ಗೆ ಕ್ಲಾಸಿನ ಅರ್ಧ ಜನ ಅಟೆಂಡೆನ್ಸ್ ಆ್ಯಪ್ ಮಾಡ್ತಾ ಇದ್ದಾಗ ನಾವು ನಾಲ್ವರು ಆಸ್ಪತ್ರೆಯ ಕ್ಯೂ ಹಿಡಿದೆವು. ಸಮಾಜಸೇವೆಯೇನಲ್ಲ. ನಮ್ಮಲ್ಲೊಬ್ಬನ ಅಜ್ಜಿ ತಿಂಗಳಿಗೊಮ್ಮೆ ಶುಗರ್ ಮಾತ್ರೆಗೆಂದು ತಾಲ್ಲೂಕು ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ಸುಸ್ತಾಗಿ ಬೀಳ್ತಾರೆ, ಅದನ್ನೇ ಮಾಡೋಣ ಅಂತ ಅವನು ಅಂದ. ಬೇರೆ ಐಡಿಯಾ ಯಾರ ಹತ್ರಾನೂ ಇರಲಿಲ್ಲ. (ನಾವೆಲ್ಲ ಇಂಗ್ಲಿಷ್ ಮೀಡಿಯಂನವರು, ಕನ್ನಡ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.)

ಕ್ಯೂಗೂ ಒಂದು ಗಣಿತ ಇದೆ. ಡೆನ್ಮಾರ್ಕಿನ ಎರ್ಲಾಂಗ್ ಅದನ್ನು 1909ರಲ್ಲಿ ಶುರು ಮಾಡಿದ್ದು ಕೋಪನ್‌ಹೇಗನ್‌ನ ಟೆಲಿಫೋನ್ ಕರೆಗಳಿಗಾಗಿ. ಅದರ ಅತಿ ಸರಳ ಸೂತ್ರವೇ ನಮ್ಮನ್ನು ಬೆಚ್ಚಿಬೀಳಿಸಿತು. ಒಬ್ಬರೇ ಡಾಕ್ಟರು, ಒಬ್ಬ ರೋಗಿಗೆ ಸರಾಸರಿ 5 ನಿಮಿಷ, ಜನ ಯಾವಾಗ ಬೇಕಾದರೂ ಬರ್ತಾರೆ ಅಂತಿಟ್ಟುಕೊಳ್ಳಿ. ಡಾಕ್ಟರ ಸಮಯದಲ್ಲಿ ನೂರಕ್ಕೆ 80 ಪಾಲು ಕೆಲಸವಿದ್ದರೆ ರೋಗಿ ಸರಾಸರಿ 20 ನಿಮಿಷ ಕಾಯಬೇಕು. 90 ಆದರೆ 45 ನಿಮಿಷ. 95 ಆದರೆ 95 ನಿಮಿಷ! ಕೆಲಸ ಹೆಚ್ಚಾಗಿದ್ದು ಸ್ವಲ್ಪವೇ, ಕ್ಯೂ ಮಾತ್ರ ಬಾಗಿಲು ದಾಟಿ ರಸ್ತೆಗೆ ಹೋಗಿರುತ್ತೆ. ಪರೀಕ್ಷೆ ಹಿಂದಿನ ಸಂಜೆ ಗೇಟಿನ ಹತ್ರದ ಜೆರಾಕ್ಸ್ ಅಂಗಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡು ರಾತ್ರಿ ಕೂತು ಪೈಥಾನ್‌ನ ಸಿಮ್‌ಪೈ ಲೈಬ್ರರಿಯಲ್ಲಿ ಮಾಡೆಲ್ ಬರೆದೆವು. ರೋಗಿ ಬರ್ತಾರೆ, ಚೀಟಿ ಮಾಡಿಸ್ತಾರೆ, ಡಾಕ್ಟರಿಗೆ ತೋರಿಸ್ತಾರೆ, ಮಾತ್ರೆ ತಗೊಂಡು ಹೋಗ್ತಾರೆ. ಡಾಕ್ಟರ ಬಾಗಿಲಲ್ಲಿ ಕಾಯುವ ಸಮಯ ಇಪ್ಪತ್ತು ನಿಮಿಷದ ಆಸುಪಾಸು ಬಂತು. ಸೂತ್ರಕ್ಕೆ ತಾಳೆ ಆಯ್ತು ಅಂತ ಖುಷಿಯೋ ಖುಷಿ. ಅಜ್ಜಿಗೆ ಫೋನ್ ಮಾಡಿ ಹೇಳಿದ್ವಿ.

"ಇಪ್ಪತ್ತು ನಿಮಿಷನಾ? ಅದ್ಯಾವ ಆಸ್ಪತ್ರೆ ಮಗಾ? ನನ್ನನ್ನೂ ಅಲ್ಲಿಗೇ ಕರ್ಕೊಂಡು ಹೋಗು" ಅಂದರು.

ಸರಿ, ವೈದ್ಯಾಧಿಕಾರಿಗಳ ಅನುಮತಿ ಕೇಳಿ ಮೂರು ಬೆಳಿಗ್ಗೆ ಅಲ್ಲೇ ನಿಂತೆವು. ಹೆಸರು, ಕಾಯಿಲೆ ಬರೆಯೋ ಹಾಗಿಲ್ಲ, ಸಮಯ ಮಾತ್ರ. ಮೊದಲ ದಿನವೇ ಮಾಡೆಲ್ ಮಕಾಡೆ ಬಿತ್ತು. ನಮ್ಮ ಮಾಡೆಲಿನಲ್ಲಿ ಜನ ತುಂತುರು ಮಳೆ ಥರ ಬರ್ತಿದ್ರು. ಇಲ್ಲಿ ಬಸ್ಸಿನ ಪ್ರಕಾರ ಬರ್ತಾರೆ, ಒಂದು ಬಸ್ಸು ನಿಂತರೆ ಒಮ್ಮೆಗೇ ಹದಿನೈದು ಜನ. ಚೀಟಿ ಕೌಂಟರ್ ತೆರೆಯೋ ಮೊದಲೇ ಜನರ ಬದಲು ಅವರ ಚೀಲ, ಚಪ್ಪಲಿಗಳು ಕ್ಯೂ ನಿಂತಿರುತ್ತವೆ. ಡಾಕ್ಟರು ವಾರ್ಡ್ ರೌಂಡ್ಸ್ ಮುಗಿಸಿ ಬರಬೇಕು, ಮಧ್ಯೆ ಅಪಘಾತದ ಕೇಸು ಬಂದರೆ ಎದ್ದು ಓಡಬೇಕು. ಅವರು ಕೂತು ಟೀ ಕುಡಿದಿದ್ದನ್ನು ಮೂರು ದಿನದಲ್ಲಿ ನಾವು ನೋಡಲೇ ಇಲ್ಲ.

ಇನ್ನೂ ದೊಡ್ಡ ತಪ್ಪು ಅಂದರೆ, ನಾವು ಕ್ಯೂವನ್ನು ನೇರ ಗೆರೆ ಅಂದ್ಕೊಂಡಿದ್ವಿ. ಅದು ಸುತ್ತು. ಡಾಕ್ಟರು ರಕ್ತ ಪರೀಕ್ಷೆ ಬರೀತಾರೆ, ರೋಗಿ ಲ್ಯಾಬಿಗೆ ಹೋಗಿ, ರಿಪೋರ್ಟ್ ಹಿಡ್ಕೊಂಡು ಮತ್ತೆ ಅದೇ ಬಾಗಿಲಿಗೆ. "ರಿಪೋರ್ಟ್ ಒಂದು ತೋರಿಸ್ಬಿಡ್ತೀನಿ ಸಾರ್, ಒಂದೇ ನಿಮಿಷ." ನಮ್ಮ ಗಡಿಯಾರದಲ್ಲಿ ಅದು ಸುಮಾರು ಮೂರು ನಿಮಿಷ, ಮೂವರಲ್ಲಿ ಒಬ್ಬರು ಹೀಗೆ ತಿರುಗಿ ಬರ್ತಾರೆ. ಲೆಕ್ಕ ಹಾಕಿ ನೋಡಿ, 80 ಇದ್ದದ್ದು ಅಷ್ಟಕ್ಕೇ 95 ದಾಟುತ್ತೆ.

ಮಾಡೆಲಿನಲ್ಲಿ ಇನ್ನೊಬ್ಬ ಡಾಕ್ಟರನ್ನು ತರೋದು ಒಂದು ಅಂಕಿ ಬದಲಿಸಿದಷ್ಟು ಸುಲಭ. ಆಸ್ಪತ್ರೆಯಲ್ಲಿ ಆ ಹುದ್ದೆ ಖಾಲಿ. ಕೌಂಟರ್ ಅರ್ಧ ಗಂಟೆ ಬೇಗ ತೆರೆದು ನೋಡಿದ್ವಿ: ಹೊರಗಿನ ಕ್ಯೂ ಒಳಗೆ ಬಂತು, ಅಷ್ಟೇ. ಆಮೇಲೆ ರಿಪೋರ್ಟಿನವರನ್ನೆಲ್ಲ ಹನ್ನೆರಡರ ಮೇಲೆ ಒಟ್ಟಿಗೆ ನೋಡುವ ಹಾಗೆ ಬರೆದೆವು. ಮೊದಲ ಸಲ ತೋರಿಸುವವರ ಕಾಯುವ ಸಮಯ ದಡಕ್ಕನೆ ಇಳಿಯಿತು. ಗ್ರಾಫ್ ಎಷ್ಟು ಚೆಂದ ಬಂತು ಅಂದರೆ, ಮೊದಲ ಸ್ಲೈಡಿಗೇ ಹಾಕಿದ್ವಿ.

"ಇದನ್ನ ನಾನು ಪ್ರೆಸೆಂಟ್ ಮಾಡಲ್ಲ" ಅಂದ ಅಜ್ಜಿಯ ಮೊಮ್ಮಗ.

ಅಜ್ಜಿ ರಿಪೋರ್ಟಿನವರ ಪೈಕಿ. ಅವರ ಊರಿಗೆ ಬಸ್ಸು ಹನ್ನೆರಡೂವರೆಗೆ, ಅದು ತಪ್ಪಿದರೆ ನಾಲ್ಕಕ್ಕೆ. ಈಗ ಒಂದು ತಿಂಗಳು ಸಿಗುತ್ತೆ, ಒಂದು ತಿಂಗಳು ತಪ್ಪುತ್ತೆ. ನಮ್ಮ ಗ್ರಾಫಿನಲ್ಲಿ ಪ್ರತಿ ತಿಂಗಳೂ ತಪ್ಪುತ್ತೆ. ಎರಡು ದಿನ ನಮ್ಮೊಳಗೆ ಸರಿಯಾಗಿ ಮಾತಿಲ್ಲ. ಮೂವರಲ್ಲಿ ಇಬ್ಬರಿಗೆ ಒಳ್ಳೇದಾಗುತ್ತಲ್ಲ ಅಂತ ಒಬ್ಬರು, ಆ ಮೂರನೆಯವರು ಯಾರು ನೋಡಿದ್ಯಾ ಅಂತ ಇನ್ನೊಬ್ಬರು. 1952ರಲ್ಲಿ ನಾರ್ಮನ್ ಬೇಲಿ ಇಂಗ್ಲೆಂಡಿನ ಹೊರರೋಗಿಗಳ ಕ್ಯೂ ಬಗ್ಗೆ ಬರೆದಾಗಲೂ ತಕರಾರು ಇಂಥದ್ದೇ: ಡಾಕ್ಟರ ಸಮಯ ಉಳಿಸಿದಷ್ಟೂ ರೋಗಿಯ ಸಮಯ ಹೋಗುತ್ತೆ. ಎಷ್ಟಕ್ಕೆ ಎಷ್ಟು ಅಂತ ಸೂತ್ರ ಹೇಳಲ್ಲ, ಯಾರೋ ತೀರ್ಮಾನ ಮಾಡಬೇಕು. ಹತ್ತೊಂಬತ್ತು ವರ್ಷದ ನಾವು ಯಾರು ಅದಕ್ಕೆ?

ದಾರಿ ತೋರಿಸಿದ್ದು ಲ್ಯಾಬ್ ಟೆಕ್ನಿಷಿಯನ್ ಮೇಡಂ. ನಮ್ಮ ಬಾಣದ ಗುರುತಿನ ಚಿತ್ರ ನೋಡಿ, "ತಿಂಗಳಾ ಬರೋರಿಗೆ ಅದೇ ಟೆಸ್ಟ್ ತಾನೇ? ಮುಂದಿನ ಸಲದ್ದು ಈಗಲೇ ಬರೆದುಕೊಟ್ಟರೆ ಸೀದಾ ನನ್ನ ಹತ್ರ ಬರ್ತಾರೆ, ರಿಪೋರ್ಟ್ ಹಿಡ್ಕೊಂಡೇ ಡಾಕ್ಟರ ಹತ್ರ ಹೋಗ್ತಾರೆ" ಅಂದರು. ಎರಡು ಸಲ ತಟ್ಟೋ ಬಾಗಿಲನ್ನು ಒಂದೇ ಸಲ. ಇಷ್ಟು ದಿನ ಯಾಕೆ ಹೇಳಲಿಲ್ಲ ಮೇಡಂ ಅಂದರೆ, "ಯಾರು ಕೇಳಿದ್ರು?"

ಕೋಡ್ ತಿದ್ದಿ ಮತ್ತೆ ಓಡಿಸಿದ್ವಿ. ಗ್ರಾಫ್ ಹಿಂದಿನಷ್ಟು ಚೆಂದ ಬರಲಿಲ್ಲ. ಆದರೆ ಹನ್ನೆರಡೂವರೆ ಬಸ್ಸು ತಪ್ಪೋರು ತುಂಬಾ ಕಡಿಮೆಯಾದರು. ಹೌದು, ಕೊನೆಗೆ ನಾವು ಸರಾಸರಿ ಬಿಟ್ಟು ಅದನ್ನೇ ಎಣಿಸಿದ್ವಿ. "ಬಸ್ ಮಿಸ್ ಅನ್ನೋ ಪ್ಯಾರಾಮೀಟರ್ ಯಾವ ಪುಸ್ತಕದಲ್ಲಿದೆ?" ಅಂತ ವೈವಾದಲ್ಲಿ ಕೇಳಿದರು. ಎರಡು ಮಾರ್ಕ್ಸ್ ಹೋಯ್ತು.

ವೈದ್ಯಾಧಿಕಾರಿಗಳು ಗುರುವಾರ ಬರೋ ಶುಗರ್ ರೋಗಿಗಳಿಗೆ ಮಾತ್ರ ಮಾಡಿ ನೋಡೋಣ ಅಂದಿದ್ದಾರೆ. ಅಜ್ಜಿಯ ಚೀಟಿಯಲ್ಲಿ ಮುಂದಿನ ಟೆಸ್ಟ್ ಬರೆದಾಗಿದೆ. ಆ ಗುರುವಾರ ಇಂಟರ್ನಲ್ಸ್ ಇಲ್ಲ, ನಾಲ್ವರೂ ನೋಟ್‌ಬುಕ್ ಹಿಡ್ಕೊಂಡು ಹೋಗ್ತಿದ್ದೀವಿ. "ಬುತ್ತಿ ಕಟ್ಕೊಂಡೇ ಬನ್ನಿ" ಅಂತ ಅಜ್ಜಿ ಈಗಲೇ ಹೇಳಿಟ್ಟಿದ್ದಾರೆ.