ಮುಳುಗಡೆಯಲ್ಲಿ ತೇಲಿದ್ದು

ಹೊನ್ನೆಮರಡುವಿನಲ್ಲಿ ನಮಗೆ ಮೊದಲು ಹೇಳಿಕೊಟ್ಟದ್ದು ದೋಣಿ ನಡೆಸುವುದನ್ನಲ್ಲ, ಸುಮ್ಮನೆ ತೇಲುವುದನ್ನು. ಲೈಫ್ ಜಾಕೆಟ್ ಬಿಗಿದುಕೊಂಡು ನೀರಿನ ಮೇಲೆ ಅಂಗಾತ ಮಲಗಿ ಕೈಕಾಲು ಸಡಿಲ ಬಿಡಬೇಕು. ಈಜು ಬಾರದ ನನಗೆ ಅದೇ ಕಷ್ಟವಾಯಿತು. ಕುತ್ತಿಗೆ ಸೆಟೆದಷ್ಟೂ ಕಾಲು ಕೆಳಗೆ ಜಗ್ಗುತ್ತಿತ್ತು. ಗೆಳೆಯರಿಗೆ ಕೆಳಗೆ ಏನಿದೆಯೋ ಎಂಬ ಭಯ. ನನಗೆ ಏನಿದೆ ಎಂದು ಗೊತ್ತಿತ್ತು.

ಅಜ್ಜಿಯ ತವರು ಆ ನೀರಿನಡಿಯಲ್ಲೇ ಎಲ್ಲೋ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತಿತು. ಹೆಂಚು ಇಳಿಸಿ, ಬಾಗಿಲು ಕಿತ್ತು, ಗಾಡಿಗೆ ಹೇರಿಕೊಂಡು ಬಂದ ಕತೆಯನ್ನು ಅವಳು ಎಷ್ಟು ಸಲ ಹೇಳಿದ್ದಾಳೋ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಬರುವ ನೀರಿನ ಮಟ್ಟವನ್ನು ಈಗಲೂ ನನ್ನಿಂದ ಓದಿಸುತ್ತಾಳೆ. 1819 ಅಡಿ ಮುಟ್ಟಿತು ಎಂದರೆ ಅಣೆಕಟ್ಟು ತುಂಬಿತು. ನಾವು ಹಿನ್ನೀರು ಅನ್ನುವುದು ಅವಳ ಬಾಯಲ್ಲಿ ಮುಳುಗಡೆ.

ಮಧ್ಯಾಹ್ನ ಕಯಾಕ್ ಕೊಟ್ಟರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹುಟ್ಟು ಹಾಕುವ ಲಯ ಕೈಗೆ ಹತ್ತಿದ ಮೇಲೆ, ನಿಜ ಹೇಳಬೇಕೆಂದರೆ, ಅಜ್ಜಿಯ ನೆನಪೇ ಆಗಲಿಲ್ಲ. ಅಷ್ಟು ಖುಷಿಯಾಗಿತ್ತು. ಸಂಜೆ ಹರಿಗೋಲಿನಲ್ಲಿ ನಡುಗಡ್ಡೆಗೆ ಹೋಗಿ ಟೆಂಟ್ ಹಾಕಿದೆವು. ಆ ನಡುಗಡ್ಡೆ ಒಂದು ಕಾಲದಲ್ಲಿ ಗುಡ್ಡದ ನೆತ್ತಿ, ದನ ಮೇಯಲು ಹತ್ತುತ್ತಿದ್ದ ಜಾಗವಿರಬೇಕು ಎಂದು ಹೊಳೆದದ್ದು ರಾತ್ರಿ, ನಿದ್ದೆ ಬಾರದೆ ಹೊರಳುವಾಗ.

ಮನೆಗೆ ಬಂದು ಹೇಳಿದರೆ ಅಜ್ಜಿ ಕಣ್ಣೀರು ಹಾಕುತ್ತಾಳೆ ಅಂದುಕೊಂಡಿದ್ದೆ.

"ದುಡ್ಡು ಕೊಟ್ಟು ಹೋಗಿದ್ಯೇನೋ ಮಗಾ?" ಅಂದಳು. ಎಷ್ಟು ಎಂದೂ ಕೇಳಿದಳು. ನಾನು ಅರ್ಧ ಹೇಳಿದೆ.

ಆದರೆ ಬೇಸಿಗೆಯಲ್ಲಿ, ನೀರು ಬಹಳ ಇಳಿದಿದೆ ಎಂದು ಕೇಳಿ, ತಾನೇ ಹೊರಟಳು. ಮಡೆನೂರಿಗೆ ಹೋದೆವು. 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟು ಅಲ್ಲಿ ಹೊರಬಂದು ನಿಂತಿತ್ತು. ದೊಡ್ಡ ಅಣೆಕಟ್ಟಿನ ನೀರು ಸಣ್ಣ ಅಣೆಕಟ್ಟನ್ನೂ ಬಿಟ್ಟಿರಲಿಲ್ಲ. ಸುತ್ತ ಬಿರುಕುಬಿಟ್ಟ ನೆಲ, ಸತ್ತ ಮರಗಳ ಬೊಡ್ಡೆಗಳು. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು, "ನಮ್ಮನೆ ಅಗಾ, ಆ ಬದಿಗೆ" ಅಂದಳು. ಸ್ವಲ್ಪ ಹೊತ್ತಿನ ನಂತರ ಇನ್ನೊಂದು ದಿಕ್ಕಿಗೆ ಕೈ ಮಾಡಿದಳು. ನಾನು ತಿದ್ದಲಿಲ್ಲ.

ಆಮೇಲೆ ಸೀರೆಯ ನೆರಿಗೆ ಎತ್ತಿಕೊಂಡು ಪಾದ ಮುಳುಗುವಷ್ಟು ನೀರಿಗಿಳಿದಳು.

"ನೀ ತೇಲಿದ್ದು ಎಲ್ಲಿ, ತೋರ್ಸು."

ಹೊನ್ನೆಮರಡು ಅಲ್ಲಿಂದ ಯಾವ ಕಡೆಗೆ ಎಂದು ನನಗೂ ಗೊತ್ತಿರಲಿಲ್ಲ. ಸುಮ್ಮನೆ ಒಂದು ಕಡೆ ಕೈ ತೋರಿಸಿದೆ.